ಬಾಗಿಲಾಚೆಯ ಟ್ರಂಪೆಟ್

ಮೂರನೇ ಹಾಡು, ಮೂರನೆಯದೇ, ಅನುಮಾನವೇ ಬೇಡ, ಬಾಗಿಲ ಆಚೆ ಅವನದೇ ಮನೆಯೊಳಗೆ ಟ್ರಂಪೆಟ್ ಮೆಲ್ಲಗೆ ಏರುತ್ತಿದೆ, ಮಟಮಟ ಮಧ್ಯಾಹ್ನ, ಯಜಮಾನ ಅಂಗಡಿಯಲ್ಲಿರಬೇಕಾದ ಹೊತ್ತು — ಅವನೋ ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಾನೆ, ಎಂಥಾ ಕರ್ಮ, ಸ್ವಂತ ಮನೆಗೇ ಕನ್ನ ಹಾಕುವಂತಾಯಿತು. ಮೊನ್ನೆ ಬೇಗ ಬಂದು ತನ್ನ ರೆಕಾರ್ಡ್ ಪ್ಲೇಯರ್ ಮೇಲೆ ಕೈಯಿಟ್ಟರೆ ಬೆಚ್ಚಗೆ, ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯ ಹಾಗೆ ಬೆಚ್ಚಗೆ, ಯಾರು ಮುಟ್ಟಿದ್ದು ಇದನ್ನ ಅಂದರೆ ಹೆಂಡತಿ ತರಕಾರಿಯಿಂದ ತಲೆ ಎತ್ತದೆ, ನಿಮ್ಮ ಪೀಪಿ ಯಾರಿಗ್ರೀ ಬೇಕು, ಬಿಸಿಲು ಬಿದ್ದಿರುತ್ತೆ — ಬಿಸಿಲಂತೆ, ಬಿಸಿಲು ಬೀಳಬಾರದೆಂದೇ ಅಲ್ಲವೇ ಆ ಮೂಲೆಯಲ್ಲಿಟ್ಟದ್ದು. ಆಮೇಲೆ ಆ ಮಹಡಿ ಮನೆಯ ಮೇಷ್ಟ್ರು, ಮೆಟ್ಟಿಲಿಳಿಯುತ್ತ ಶಿಳ್ಳೆ ಹಾಕಿದ್ದು ಇದೇ ಹಾಡನ್ನ, ಎಂದೋ ಸತ್ತ ಟ್ರಂಪೆಟ್ಟಿನವನ ಹಾಡು, ಎಲ್ಲಿ ಕೇಳಿದ್ರಿ ಮೇಷ್ಟ್ರೇ, ನಿಮ್ಮನೇದೇ ಅಲ್ವಾ ಸಾರ್, ಮಧ್ಯಾಹ್ನ ದಿನಾ ಕೇಳ್ಸುತ್ತಲ್ಲ, ಅಂತ ಹಲ್ಲು ಕಿಸಿದು ಕಾಲರ್ ಸರಿಮಾಡಿಕೊಂಡ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಊರಿಗೆಲ್ಲ ಕನ್ನಡಕ ಹಾಕಿ ಕಳಿಸುವವನ ಕಣ್ಣಿಗೇ ಮಣ್ಣೆರಚುತ್ತಿದ್ದಾರೆ, ಬೆಳಿಗ್ಗೆ ಗಿರಾಕಿಯೊಬ್ಬಳು ಅಕ್ಷರ ಎರಡೆರಡು ಕಾಣುತ್ತೆ ಅಂದಳು, ಅವನಿಗೂ ಎಲ್ಲ ಎರಡೆರಡು, ಎರಡು ಲೋಟ, ಎರಡು ದಿಂಬು, ಎರಡು ತಲೆ — ಅವಳನ್ನು ಕಳಿಸಿ ಶಟರ್ ಎಳೆದು ಬಂದೇಬಿಟ್ಟ. ಭಯವಾಗುತ್ತಿದೆ, ಹೌದು ಭಯವೇ, ಬಾಗಿಲು ತೆಗೆದ ಮೇಲೆ ಈ ಮನೆ ಮನೆಯಾಗಿ ಉಳಿಯುತ್ತದೋ ಇಲ್ಲವೋ. ಈಗ ಬರುತ್ತೆ ಆ ಜಾಗ, ಟ್ರಂಪೆಟ್ ತಡೆದು ಆತ ಉಸಿರೆಳೆದುಕೊಳ್ಳುವ ಜಾಗ, ರೆಕಾರ್ಡ್ ಮಾಡಿದವರು ಅಳಿಸದೆ ಬಿಟ್ಟ ಆ ಒಂದು ಉಸಿರು, ಅದಕ್ಕಾಗಿಯೇ ಅಲ್ಲವೇ ಇಷ್ಟು ವರ್ಷ ಪ್ಲೇಯರ್ ಮುಂದಿನ ಆ ಕುರ್ಚಿಯಲ್ಲಿ ಕೂತದ್ದು, ಅದನ್ನೂ ಬಿಟ್ಟುಕೊಡಬೇಕೇ ಆ ಶಿಳ್ಳೆಯವನಿಗೆ — ಕೀಲಿ ತಿರುಗಿತು, ಬಾಗಿಲು ತೆರೆಯಿತು.

ಮೇಷ್ಟ್ರಿಲ್ಲ. ಪರದೆಯ ಹಿಂದೆ? ಅಲ್ಲೂ ಇಲ್ಲ, ಕುರ್ಚಿ ಖಾಲಿ, ಲೋಟ ಒಂದೇ, ಹೆಂಡತಿ ನೆಲದ ಮೇಲೆ ಗೋಡೆಗೊರಗಿ ಕಣ್ಣುಮುಚ್ಚಿ ಕೂತಿದ್ದಾಳೆ, ಅಂಗೈಯಿಂದ ಬಾಯಿ ಮೂಗು ಎರಡನ್ನೂ ಮುಚ್ಚಿಕೊಂಡು — ಯಾಕೆ, ಅಳುತ್ತಿದ್ದಾಳಾ, ಅಳುವಲ್ಲ, ಟ್ರಂಪೆಟ್ಟಿನವನು ಉಸಿರೆಳೆದ, ಅವಳು ಎಳೆಯಲಿಲ್ಲ, ಕೈಯನ್ನು ಇನ್ನಷ್ಟು ಒತ್ತಿದಳು. ಮದುವೆಯಾದ ಹೊಸತರಲ್ಲಿ ನಾನೂ ಕೇಳ್ಲಾ ಅಂತ ಬಂದು ಕೂತಿದ್ದಳಲ್ಲ, ಎದ್ದು ಹೋಗೇ ಆಚೆ, ನೀನು ಬುಸುಬುಸು ಅಂತಿದ್ರೆ ಅವನ ಉಸಿರು ಎಲ್ಲಿ ಕೇಳುತ್ತೆ, ಅಂದಿದ್ದ, ಅವಳು ನಕ್ಕು ಎದ್ದುಹೋಗಿದ್ದಳು, ನಕ್ಕಳಲ್ಲ ಅಂತ ಅವನು ಮರೆತೇಬಿಟ್ಟಿದ್ದ — ಈಗ ಗದರುವವನು ಮನೆಯಲ್ಲಿಲ್ಲವೆಂದೇ ಅವಳು ತಿಳಿದಿದ್ದಾಳೆ, ಆದರೂ ಆ ಕೈ. ತೆಗಿಯೇ, ಉಸಿರಾಡೇ ಅನ್ನಬೇಕು, ಅಷ್ಟರಲ್ಲಿ ಹಾಡು ಮುಗಿಯಿತು, ಅವಳು ಕಣ್ಣು ಬಿಟ್ಟು ಅವನನ್ನು ನೋಡಿದಳು, ನೋಡಿಯೂ ಕೈ ಇಳಿಸಲಿಲ್ಲ, ಬಾಯಿಯ ಮೇಲೆ ಆ ಕೈ, ಆ ಕೈ —