ನಲವತ್ತರಲ್ಲಿ ಹನ್ನೊಂದು

ತಮ್ಮ ಬರೆದ ಚಿತ್ರದಲ್ಲಿ ಇದ್ದದ್ದು ಇಷ್ಟೇ: ಮಹಡಿಯ ಮೇಲೊಂದು ನೀರಿನ ಟ್ಯಾಂಕು, ಟ್ಯಾಂಕಿನ ಮೇಲೊಂದು ಕಾಗೆ, ಹಿಂದೆ ಹಳದಿ ಆಕಾಶ. ಜಾಹೀರಾತು ಕಂಪನಿಯವರು ಕೆಲಸದಿಂದ ತೆಗೆದ ಮೇಲೆ ಅವನು ಮೂರು ತಿಂಗಳು ಕಿಟಕಿಯ ಪಕ್ಕದಲ್ಲೇ ಕೂತಿದ್ದ. ಕಿಟಕಿಯಲ್ಲಿ ಕಾಣುತ್ತಿದ್ದದ್ದು ಆ ಟ್ಯಾಂಕು. ಕಂಡದ್ದನ್ನು ಬರೆದ. ಅದರಲ್ಲಿ ದೊಡ್ಡ ಅರ್ಥವೊಂದು ಅಡಗಿದೆ ಎಂದು ಆಗ ಅವನಿಗೂ ಗೊತ್ತಿರಲಿಲ್ಲ.

ಅದನ್ನು ಅಚ್ಚು ಹಾಕಿದವಳು ಅಕ್ಕ. ಮನೆಯ ಕೆಳಗಿನ ಒಂದು ಕೋಣೆಯ ಅಂಗಡಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಅವಳದು ಸ್ಕ್ರೀನ್ ಪ್ರಿಂಟಿಂಗ್ ಕೆಲಸ: ವಿಸಿಟಿಂಗ್ ಕಾರ್ಡು, ಬಟ್ಟೆ ಅಂಗಡಿಯ ಚೀಲ, 'ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ' ಫಲಕ. ಬೀದಿಗೆಲ್ಲ ಅವಳು ಅಕ್ಕನೇ. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ನೂರನೆಯ ಹಾಳೆ ಮೊದಲನೆಯದರ ಹಾಗೇ ಇರಬೇಕು, ಯಾವುದರ ಮೇಲೂ ಬೆರಳಿನ ಗುರುತು ಬೀಳಕೂಡದು, ಇವೆರಡೇ ಅವಳ ಶಾಸ್ತ್ರ. ಟ್ಯಾಂಕು–ಕಾಗೆಯನ್ನು ಮೂರು ಬಣ್ಣದಲ್ಲಿ, ಬಣ್ಣಕ್ಕೊಂದು ಸಲ ಒಣಗಿಸಿ, ಇನ್ನೂರು ಹಾಳೆ ಹಾಕಿಕೊಟ್ಟಳು. ಕಾಗದದ ದುಡ್ಡು ಮಾತ್ರ ತೆಗೆದುಕೊಂಡಳು. ತಮ್ಮನಲ್ಲವೇ.

ತಮ್ಮ ಅವನ್ನು ಪಾರ್ಕಿನ ಮುಂದಿನ ಫುಟ್‌ಪಾತಿನಲ್ಲಿ ಹರಡಿಕೊಂಡು, ಒಂದಕ್ಕೆ ಇನ್ನೂರರಂತೆ ಮೂರು ಭಾನುವಾರ ಕೂತ. ಮೂರು ಹಾಳೆ ಹೋದವು. ಒಬ್ಬರು ಟೀವಿ ಹಿಂದಿನ ಗೋಡೆಯ ಬಿರುಕು ಮುಚ್ಚಲು ಒಯ್ದರು. ಇನ್ನೊಬ್ಬಾಕೆ ನೂರೈವತ್ತಕ್ಕೆ ಇಳಿಸಿ, "ಕಾಗೆ ಬದಲು ಗಿಳಿ ಇರೋದು ಇಲ್ವಾ?" ಎಂದು ಕೇಳಿ, ಒಲ್ಲದ ಮನಸ್ಸಿನಿಂದ ಒಯ್ದರು. ಮೂರನೆಯದನ್ನು ಕೊಂಡವನು ಅದನ್ನು ಬೆಂಚಿನ ಮೇಲೆ ಹಾಸಿ ಕೂತ.

ಆಗ ಗ್ಯಾಲರಿಯ ಮೇಡಂ ಬಂದರು. ಹಳೆಯ ಸಹೋದ್ಯೋಗಿಯೊಬ್ಬ ತಮ್ಮನಿಗೆ ಪರಿಚಯ ಮಾಡಿಸಿದ್ದ. ಅಂಗಡಿಯ ಒಳಗೆ ಬಂದು, ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಎಷ್ಟಕ್ಕೆ ಮಾರ್ತಿದ್ರಿ?"

"ಇನ್ನೂರು," ಎಂದ ತಮ್ಮ.

ಯಾರೋ ಬೇಕಾದವರು ತೀರಿಕೊಂಡ ಸುದ್ದಿ ಕೇಳಿದವರಂತೆ ಮೇಡಂ ಕಣ್ಣು ಮುಚ್ಚಿಕೊಂಡರು. "ಇನ್ನೂರಕ್ಕೆ ಕೊಟ್ರೆ ಜನ ಮಡಚಿ ಚೀಲಕ್ಕೆ ತುರುಕ್ತಾರೆ. ಎಂಟು ಸಾವಿರ ಅನ್ನಿ, ಎರಡೂ ಕೈಯಲ್ಲಿ ಹಿಡ್ಕೊಂಡು ಹೋಗ್ತಾರೆ."

"ಕಾಗದ ಅದೇ ಅಲ್ವಾ ಮೇಡಂ?" ಎಂದಳು ಅಕ್ಕ.

"ಕಾಗದ ಅದೇ. ಜನ ಬೇರೆ." ಮೇಡಂ ಕಟ್ಟುಗಳ ಕಡೆ ನೋಡಿದರು. "ಎಷ್ಟಿವೆ?"

"ನೂರ ತೊಂಬತ್ತೇಳು."

"ಅದೇ ತೊಂದ್ರೆ. ನಲವತ್ತು ಮಾಡಿ."

"ಮಾಡೋದೇನು, ಆಗ್ಲೇ ಮಾಡಿ ಇಟ್ಟಿದೀನಲ್ಲ."

"ಅದಕ್ಕೇ ಹೇಳ್ತಿರೋದು. ಉಳಿದಿದ್ದು ಇರಬಾರದು. ಒಂದೂ."

ಮಾರಿಹೋದ ಮೂರರ ಗತಿ ಏನು ಎಂದು ತಮ್ಮ ಕೇಳಿದ. ಮೇಡಂ ಒಂದು ಗಳಿಗೆ ಯೋಚಿಸಿ, "ಅವು ಕಲಾವಿದರ ಖಾಸಗಿ ಪ್ರತಿಗಳು ಅಂತ ಇಟ್ಕೊಳ್ಳೋಣ" ಎಂದರು. ಬೆಂಚಿನ ಮೇಲೆ ಹಾಸಿದ್ದ ಹಾಳೆಗೂ ಹೀಗೆ ಮಾನ ಬಂತು.

ನೂರ ಐವತ್ತೇಳು ಹಾಳೆಗಳನ್ನು ಕಟಿಂಗ್ ಮೆಷಿನ್ನಿಗೆ ಕೊಟ್ಟವಳೂ ಅಕ್ಕನೇ. ತಮ್ಮ ನೋಡಲಾರೆ ಎಂದು ಹೊರಗೆ ಹೋಗಿ ನಿಂತ. ಅವಳು ಹತ್ತು ಹತ್ತರಂತೆ ಜೋಡಿಸಿ, ಅಂಚು ತಟ್ಟಿ ಸಮ ಮಾಡಿದಳು. ಸಾಯುವ ಹಾಳೆಯಾದರೂ ಅಂಚು ತಟ್ಟದೆ ಇಡುವುದು ಅವಳ ಕೈಗೆ ಬರುತ್ತಿರಲಿಲ್ಲ. ಹಿಡಿ ಎಳೆದಾಗೊಮ್ಮೆ ಹತ್ತು ಕಾಗೆ ಇಪ್ಪತ್ತಾಗುತ್ತಿದ್ದವು. ಕೆಟ್ಟು ಹೋದದ್ದನ್ನು ಅವಳು ಎಷ್ಟೋ ಸಲ ಹರಿದಿದ್ದಳು. ಚೆನ್ನಾಗಿ ಬಂದಿದೆ ಎಂಬ ತಪ್ಪಿಗೆ ಹರಿದದ್ದು ಇದೇ ಮೊದಲು. ಆಮೇಲೆ ಒಳಗೆ ಬಂದ ತಮ್ಮ ಉಳಿದ ನಲವತ್ತರ ಕೆಳಗೆ ಪೆನ್ಸಿಲಿನಲ್ಲಿ ಬರೆದ: ನಲವತ್ತರಲ್ಲಿ ಒಂದು, ನಲವತ್ತರಲ್ಲಿ ಎರಡು, ಹೀಗೆ.

ಪ್ರದರ್ಶನದ ಸಂಜೆ ಗ್ಯಾಲರಿಯ ಬಿಳಿ ಗೋಡೆಯ ಮೇಲೆ ಒಂದೇ ಒಂದು ಟ್ಯಾಂಕು ತೂಗುತ್ತಿತ್ತು. ಪಕ್ಕದ ಚೀಟಿಯಲ್ಲಿ 'ನಗರದ ಬಾಯಾರಿಕೆ ಮತ್ತು ನಿರಂತರ ನಿರೀಕ್ಷೆಯ ರೂಪಕ' ಎಂದಿತ್ತು. ಇಷ್ಟು ದೊಡ್ಡ ಜವಾಬ್ದಾರಿ ತನ್ನ ತಲೆಯ ಮೇಲಿದೆ ಎಂದು ಕಾಗೆಗೆ ಗೊತ್ತಿದ್ದಂತೆ ಕಾಣಲಿಲ್ಲ. ಫುಟ್‌ಪಾತಿನಲ್ಲಿ ಎರಡು ಹೆಜ್ಜೆ ಆಚೆಯಿಂದ ದಾಟಿ ಹೋಗುವಂಥ ಜನವೇ ಇಲ್ಲಿ ಕೈ ಹಿಂದೆ ಕಟ್ಟಿ, ತಲೆ ವಾರೆ ಮಾಡಿ ನಿಂತಿದ್ದರು. "ನಲವತ್ತೇ ಅಂತೆ" ಎಂದು ಒಬ್ಬರು ಪಿಸುಗುಟ್ಟಿದರೆ, ಪಕ್ಕದವರ ಕೈ ತಾನಾಗಿಯೇ ಪರ್ಸಿನ ಕಡೆ ಹೋಗುತ್ತಿತ್ತು. ಎರಡು ತಾಸಿನಲ್ಲಿ ನಲವತ್ತೂ ಖಾಲಿ.

ಅಕ್ಕ ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. ಒಬ್ಬರು ಖಾಲಿ ಲೋಟವನ್ನು ಅವಳ ಕೈಗೆ ಕೊಟ್ಟು ಹೋದರು. ಅದನ್ನು ಎಲ್ಲಿ ಇಡಲಿ ಎಂದು ಹುಡುಕುತ್ತಿದ್ದಾಗ ಮೇಡಂ ಮೈಕಿನಲ್ಲಿ ಹೇಳಿದ್ದು ಕೇಳಿಸಿತು: "ಪ್ರತಿಯೊಂದನ್ನೂ ಕಲಾವಿದರು ಸ್ವತಃ ತಮ್ಮ ಕೈಯಾರೆ ಮುದ್ರಿಸಿದ್ದಾರೆ."

ಚಪ್ಪಾಳೆ. ತಮ್ಮ ನೆಲ ನೋಡುತ್ತಿದ್ದ. ಆ ನೆಲದಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಅಕ್ಕ ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಮನೆಗೆ ಬಂದಳು. ಹಿತ್ತಲ ಗಿಡ ಮದ್ದಲ್ಲ, ನಿಜ. ಆದರೆ ಗಿಡವೇ ಇಲ್ಲ ಎಂದದ್ದನ್ನು ಅವಳು ಕೇಳಿದ್ದು ಇದೇ ಮೊದಲು. ಮರುದಿನ ತಮ್ಮ ಏನೋ ಹೇಳಲು ಬಾಯಿ ತೆರೆದ. "ಕೆಲಸ ಇದೆ ಕಣೋ" ಎಂದು ಅವಳು ಬೆನ್ನು ತಿರುಗಿಸಿ ಚೀಲಗಳಿಗೆ ಅಚ್ಚು ಹಾಕುತ್ತಾ ಹೋದಳು.

ಹತ್ತು ದಿನ ಕಳೆದಿತ್ತು. ಒಂದು ಮಧ್ಯಾಹ್ನ ಮೇಡಂ ಕಾರು ನಿಲ್ಲಿಸಿದರು. ಜೊತೆಗೆ ಹನ್ನೊಂದನೆಯ ಪ್ರತಿ ಕೊಂಡಿದ್ದ ಕಣ್ಣಿನ ಡಾಕ್ಟರು. ಅವರು ರಟ್ಟಿನ ಕೊಳವೆಯಿಂದ ಹಾಳೆಯನ್ನು ಕೂಸಿನಂತೆ ಹೊರತೆಗೆದು ಮೇಜಿನ ಮೇಲೆ ಬಿಡಿಸಿದರು. ಮೂಲೆಯಲ್ಲಿ, ಟ್ಯಾಂಕಿನ ಕಾಲಿನ ಹತ್ತಿರ, ಕಪ್ಪು ಶಾಯಿಯ ಒಂದು ಹೆಬ್ಬೆರಳಿನ ಗುರುತು.

ಅಕ್ಕ ಬಗ್ಗಿ ನೋಡಿದಳು. ಇಪ್ಪತ್ತೆಂಟು ವರ್ಷದ ಮಾನ ಒಂದು ಬೆರಳಿನಲ್ಲಿ ಹೋಗಿತ್ತು. ಬದಲಿ ಕೊಡೋಣವೆಂದರೆ ನೂರ ಐವತ್ತೇಳನ್ನೂ ತಾನೇ ಕತ್ತರಿಸಿದ್ದಳು. "ತಪ್ಪಾಯ್ತು ಡಾಕ್ಟ್ರೇ, ಒಂದು ನಿಮಿಷ, ಹೋಗ್ಬಿಡುತ್ತೆ," ಎಂದು ಥಿನ್ನರ್ ಅದ್ದಿದ ಬಟ್ಟೆ ತಂದಳು.

"ಮುಟ್ಬೇಡಿ!" ಡಾಕ್ಟರು ಹಾಳೆಗೆ ಅಡ್ಡ ಬಿದ್ದರು. ಆಪರೇಷನ್ ಟೇಬಲಿನ ಮೇಲೂ ಅವರು ಹಾಗೆ ಕೂಗಿರಲಾರರು. "ಏನ್ರೀ ನೀವು? ಇದು ಕಲಾವಿದರ ಬೆರಳಚ್ಚು! ನಲವತ್ತರಲ್ಲಿ ನನ್ನದೊಂದರ ಮೇಲೆ ಮಾತ್ರ ಇದೆ. ಕ್ಲಬ್ಬಿನಲ್ಲಿ ಒಬ್ಬರು ಹದಿನಾರು ಸಾವಿರ ಕೊಡ್ತೀನಿ ಅಂತಿದಾರೆ."

ಮೇಡಂ ತಮ್ಮನನ್ನು ಕರೆದು ವಿಷಯ ಹೇಳಿದರು. ಮಿಕ್ಕ ಮೂವತ್ತೊಂಬತ್ತು ಜನ ಫೋನ್ ಮಾಡಿ, ತಂತಮ್ಮ ಪ್ರತಿ ತೀರಾ ಶುಭ್ರವಾಗಿದೆ ಎಂದು ದೂರುತ್ತಿದ್ದರಂತೆ. ಅದನ್ನು ಆಮೇಲೆ ನೋಡಿಕೊಳ್ಳೋಣ. ಈಗ ಡಾಕ್ಟರಿಗೆ ಒಂದು ಪ್ರಮಾಣಪತ್ರ ಬೇಕು, ಅದರ ಮೇಲೆ ತಮ್ಮನ ಹೆಬ್ಬೆಟ್ಟು. ಡಾಕ್ಟರು ಜೇಬಿನಿಂದ ಭೂತಗನ್ನಡಿ ತೆಗೆದು ತಾಳೆ ನೋಡಲು ಸಿದ್ಧರಾದರು.

ತಮ್ಮ ಹೆಬ್ಬೆರಳನ್ನು ಇಂಕ್ ಪ್ಯಾಡಿಗೆ ಒತ್ತಿದ. ಎತ್ತಿ ನೋಡಿಕೊಂಡ. ಹಾಳೆಯ ಮೇಲಿನ ಗುರುತಿಗೆ ನಡುವೆ ಓರೆಯಾಗಿ ಒಂದು ಬಿಳಿ ಗೆರೆಯಿತ್ತು. ಎಷ್ಟೋ ವರ್ಷದ ಹಿಂದೆ ಕಟಿಂಗ್ ಮೆಷಿನ್ನು ಅಕ್ಕನ ಹೆಬ್ಬೆರಳಿಗೆ ಆ ಗಾಯದ ಗೆರೆ ಎಳೆದಾಗ ಅವಳನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ಓಡಿಸಿದವನು ಇವನೇ. "ಒತ್ತಿ," ಎಂದು ಮೇಡಂ ಹಲ್ಲು ಕಚ್ಚಿಕೊಂಡು ನಕ್ಕರು. "ಸ್ವಲ್ಪ ಜಾರಿಸಿ ಒತ್ತಿ, ಸಾಕು."

"ಇದು ನನ್ನದಲ್ಲ," ಎಂದ ತಮ್ಮ. "ನಮ್ಮಕ್ಕಂದು. ಅಚ್ಚು ಹಾಕಿದ್ದೂ ಅವಳೇ, ನಲವತ್ತನ್ನೂ. ನಂಗೆ ಶಾಯಿ ಎಳೆಯೋ ಈ ರಬ್ಬರ್ ಪಟ್ಟಿ ನೆಟ್ಟಗೆ ಹಿಡಿಯೋಕೂ ಬರಲ್ಲ. ಆವತ್ತೇ ಹೇಳ್ಬೇಕಿತ್ತು. ಹೇಳ್ಲಿಲ್ಲ."

ಡಾಕ್ಟರು ಅಕ್ಕನನ್ನು ಮೊದಲ ಸಲ ಎಂಬಂತೆ ನೋಡಿದರು: ಕೈಮೇಲಿನ ಬಣ್ಣ, ಸೊಂಟದ ಮಸಿಬಟ್ಟೆ. ಮತ್ತೆ ಹಾಳೆ ನೋಡಿದರು. ಮುಖ ಇಳಿಯಿತು.

"ಹಾಗಾದ್ರೆ ಇದು ಬರೀ ಕಲೆ."

ಐದು ನಿಮಿಷದ ಹಿಂದೆಯೂ ಅದು ಕಲೆಯೇ ಆಗಿತ್ತು. ಆ ಕಲೆಗೂ ಈ ಕಲೆಗೂ ಎಂಟು ಸಾವಿರದ ವ್ಯತ್ಯಾಸ.

"ಆ ಬಟ್ಟೆ ತನ್ನಿ," ಎಂದರು ಡಾಕ್ಟರು. "ಒರೆಸಿಬಿಡಿ."

ಅಕ್ಕ ಬಟ್ಟೆ ಎತ್ತಿಕೊಂಡಳು. ಆದರೆ ಹಾಳೆಯ ಕಡೆ ಹೋಗಲಿಲ್ಲ. ಆಗಿನ ನಾಚಿಕೆ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಬಟ್ಟೆಯನ್ನು ನಿಧಾನವಾಗಿ ಮಡಚಿದಳು. "ಎಂಟು ಸಾವಿರ ಆಗುತ್ತೆ ಡಾಕ್ಟ್ರೇ."

"ಏನಕ್ಕೆ?"

"ಒರೆಸೋಕೆ. ಕೈಯಾರೆ ಒರೆಸೋದು. ನಾನು ಒಂದು ಸಲ ಮಾತ್ರ ಒರೆಸೋದು, ಆಮೇಲೆ ಯಾರಿಗೂ ಒರೆಸಲ್ಲ. ಬೇಕಾದ್ರೆ ಹಿಂದ್ಗಡೆ ನಂಬರ್ ಹಾಕ್ಕೊಡ್ತೀನಿ. ಒಂದರಲ್ಲಿ ಒಂದು."

ತಮ್ಮ ಕೆಮ್ಮಿದ. ಮೇಡಂ ಗೋಡೆಯ ಕ್ಯಾಲೆಂಡರ್ ಓದತೊಡಗಿದರು. ಡಾಕ್ಟರು ಸಿಟ್ಟಾಗಬೇಕಿತ್ತು, ಆಗಲಿಲ್ಲ. ಹಣೆ ಗಂಟಿಕ್ಕಿ, ಹಾಳೆಯನ್ನೂ ಬಟ್ಟೆಯನ್ನೂ ಬದಲಿಸಿ ಬದಲಿಸಿ ನೋಡಿದರು. ಕೊನೆಗೆ ದನಿ ತಗ್ಗಿಸಿ ಕೇಳಿದರು: "ಸರ್ಟಿಫಿಕೇಟ್ ಕೊಡ್ತೀರಾ?"

ತಮ್ಮ ಹಿಂದಿನ ಬಾಗಿಲಿನಿಂದ ಹೊರಗೆ ಓಡಿದ. ಅವನ ನಗು ಗೋಡೆಯಾಚೆಯಿಂದ ಕೇಳಿಸುತ್ತಲೇ ಇತ್ತು.

ಒರೆಸುವ ಸಂದರ್ಭ ಬರಲಿಲ್ಲ. ಮೇಡಂ ಡಾಕ್ಟರನ್ನು ಕಾರಿಗೆ ಹತ್ತಿಸಿಕೊಂಡು ಹೋದರು. ದಾರಿಯಲ್ಲಿ ಏನು ಹೇಳಿದರೋ, ವಾರದೊಳಗೆ ಹನ್ನೊಂದನೆಯ ಪ್ರತಿ 'ತೆರೆಮರೆಯ ಸೋದರಿಯ ಏಕೈಕ ಸ್ಪರ್ಶ' ಎಂಬ ಬಿರುದಿನೊಂದಿಗೆ ಇಪ್ಪತ್ತು ಸಾವಿರಕ್ಕೆ ಕೈ ಬದಲಾಯಿಸಿತು. ತೆರೆ ಎಳೆದವರು ಯಾರು ಎಂದು ಯಾರೂ ಕೇಳಲಿಲ್ಲ.

ಮುಂದಿನ ಚಿತ್ರಕ್ಕೆ ತಮ್ಮ ಒಂದು ಷರತ್ತು ಹಾಕಿದ. ತನ್ನ ಸಹಿಯ ಪಕ್ಕದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಅಚ್ಚು ಹಾಕಿದವಳ ಹೆಸರಿರಬೇಕು. ಬಂದದ್ದರಲ್ಲಿ ಅರ್ಧ ಅವಳಿಗೆ. ಬೆಲೆ ಬೀಳುತ್ತದೆ ಎಂದು ಮೇಡಂ ಹೆದರಿಸಿದರು. "ಬೀಳ್ಲಿ ಬಿಡಿ" ಎಂದ. ಬೀಳಲಿಲ್ಲ. ಅಕ್ಕ–ತಮ್ಮಂದಿರ ಕಥೆಗೆ ಬೇಡಿಕೆ ಇದೆ ಎಂದು ಮೇಡಮ್ಮೇ ಇನ್ನೆರಡು ಸಾವಿರ ಏರಿಸಿದರು. ಪ್ರತಿ ಹಾಳೆಗೂ ಹೆಬ್ಬೆಟ್ಟು ಒತ್ತಿಕೊಡಬೇಕೆಂಬ ಬೇಡಿಕೆಗೆ ಮಾತ್ರ ಅಕ್ಕ ಕಿವಿಗೊಡಲಿಲ್ಲ.

ಈ ಸಲ ಕತ್ತರಿಸುವ ಗೊಡವೆ ಬೇಡವೆಂದು ಹಾಕಿದ್ದೇ ನಲವತ್ತು ಹಾಳೆ. ಮೂರನೆಯ ಬಣ್ಣ ಮುಗಿದಾಗ ಇನ್ನೂ ಬೆಳಗಿನ ಹನ್ನೊಂದು ಗಂಟೆ. ಅಕ್ಕ ಭುಜ ತಿರುಗಿಸಿ ನೋಡಿಕೊಂಡಳು. ಎಂದಿನ ನೋವಿರಲಿಲ್ಲ.

"ಏನಕ್ಕಾ?" ಎಂದ ತಮ್ಮ.

"ಏನಿಲ್ಲ. ಕಮ್ಮಿ ಮಾಡಿದ್ರೆ ಒಳ್ಳೇದು ಅಂತ ಆಯಮ್ಮ ಹೇಳಿದ್ದು ಈಗ ಗೊತ್ತಾಯ್ತು," ಎಂದು ಅವಳು ಒಂದು ಲೋಟ ಚಹಾ ಮಾಡಿಕೊಂಡು, ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ, ಹಗಲು ಹೊತ್ತಿನಲ್ಲಿ ಅಂಗಡಿಯ ಮೆಟ್ಟಿಲ ಮೇಲೆ ಸುಮ್ಮನೆ ಕೂತಳು.