ನಾಲ್ಕನೆಯ ಗಾಳಿದಾರಿ

ಎಂಜಿನ್ನೂ ನಮ್ಮ ಹಾಗೆ ಉಸಿರಾಡುತ್ತದೆ ಎಂದು ನನ್ನ ಯಜಮಾನರು ಮನೆಯ ಕೆಳಗಿನ ನಮ್ಮ ಗ್ಯಾರೇಜಿಗೆ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. ಕಂಪನಿಯಿಂದ ಬರುವ ಸಿಲಿಂಡರ್ ಹೆಡ್ಡಿನಲ್ಲಿ, ಅಂದರೆ ಎಂಜಿನ್ನಿನ ಮೇಲಿನ ಲೋಹದ ಮುಚ್ಚಳದಲ್ಲಿ, ಗಾಳಿ ಹೋಗುವ ದಾರಿಗಳು ಎರಕದ ಗಂಟುಗಳಿಂದ ಒರಟಾಗಿರುತ್ತವೆ. ಗ್ರೈಂಡರಿನಿಂದ ಉಜ್ಜಿ ತಿದ್ದಿದರೆ ಎಂಜಿನ್ ಧಾರಾಳವಾಗಿ ಉಸಿರೆಳೆದು ಕಸುವು ಹೆಚ್ಚಿಸಿಕೊಳ್ಳುತ್ತದೆ. ಒಂದು ಕೂದಲೆಳೆ ಹೆಚ್ಚು ಉಜ್ಜಿದರೆ ದಾರಿಯ ಗೋಡೆ ತೂತಾಗಿ, ಎಂಜಿನ್ ತಣಿಸಲು ಆಚೆ ಹರಿಯುವ ನೀರು ಒಳಗೆ ಬರುತ್ತದೆ, ಹೆಡ್ಡು ಗುಜರಿಗೆ. ಎಲ್ಲಿ ನಿಲ್ಲಿಸಬೇಕೆಂದು ಅವರ ಬೆರಳು ಹೇಳುತ್ತಿತ್ತು.

ಹೋದ ವರ್ಷ ಪಾರ್ಶ್ವವಾಯು ಬಡಿದು ಅವರ ಬಲಗೈ ಬಿದ್ದುಹೋಯಿತು. ಮೂವತ್ತು ವರ್ಷ ಪಕ್ಕದಲ್ಲಿ ನಿಂತು ನೋಡಿದ್ದ ನಾನು ಗ್ರೈಂಡರ್ ಹಿಡಿದೆ. ಹೆಂಗಸು ಹೆಡ್ಡು ಉಜ್ಜುತ್ತಾಳಂತೆ ಎಂದು ನಕ್ಕವರು ನಕ್ಕರು. ಲೋಕದ ಬಾಯಿ ಮುಚ್ಚಿಸಲು ನನಗೆಲ್ಲಿ ಪುರುಸೊತ್ತು? ನಮ್ಮಿಬ್ಬರ ಒಪ್ಪಂದ ಇಷ್ಟೇ: ಕೈ ನನ್ನದು, ಬೆರಳು ಅವರದು. ಪ್ರತಿ ಹೆಡ್ಡನ್ನೂ ಮಹಡಿಗೆ ಹೊತ್ತೊಯ್ದು ಅವರೆದುರಿನ ಸ್ಟೂಲಿನ ಮೇಲಿಡುತ್ತಿದ್ದೆ. ಅವರು ಎಡಗೈ ಬೆರಳು ತೂರಿಸಿ ತೀರ್ಪು ಕೊಡುತ್ತಿದ್ದರು.

"ಈ ಬೆರಳು ಇರೋವರೆಗೂ ನಾನು ಮೂಲೆಗುಂಪಲ್ಲ ಕಣೆ," ಎನ್ನುತ್ತಿದ್ದರು. ಅದೊಂದೇ ಅವರನ್ನು ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುತ್ತಿತ್ತು.

ಮೊನ್ನೆ ಒಂದು ರೇಸ್ ಕಾರಿನ ಹೆಡ್ಡು ಬಂತು. ಮೂರು ದಾರಿ ಮುಗಿಸಿದೆ. ನಾಲ್ಕನೆಯದಕ್ಕೆ ಕೈಹಾಕಲು ಧೈರ್ಯ ಸಾಲಲಿಲ್ಲ. ಅಲ್ಲಿ ಗೋಡೆ ತೀರ ತೆಳು. ಎಷ್ಟು ಉಜ್ಜಲಿ ಎಂದು ಕೇಳಲು ಹೆಡ್ಡು ಹೊತ್ತು ಮೇಲೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಕಣ್ಣು ಮುಚ್ಚಿ, ನಾಲ್ಕಕ್ಕೂ ಒಂದೊಂದಾಗಿ ಬೆರಳು ಹಾಕಿ ನೋಡಿದರು.

"ಭೇಷ್! ನಾಲ್ಕೂ ಒಂದೇ ಸಮ. ನನ್ನನ್ನೇ ಮೀರಿಸಿಬಿಟ್ಟೆ."

ನಾಲ್ಕನೆಯದರ ಒರಟು ಮುಟ್ಟಿದರೆ ಮಗುವಿಗೂ ತಿಳಿಯುವಂತಿತ್ತು. ಹಳೆಯ ಸಕ್ಕರೆ ಕಾಯಿಲೆ ಅವರ ಎಡಗೈಯ ಸ್ಪರ್ಶವನ್ನೂ ತಿಂದುಹಾಕಿತ್ತು.

"ಏನೋ ಕೇಳೋಕೆ ಬಂದ ಹಾಗಿತ್ತು?" ಎಂದರು.

"ಏನಿಲ್ಲ ರೀ. ತೋರಿಸಿ ಹೋಗೋಣ ಅಂತ. ಮುಗೀತಲ್ಲ."

ಕೆಲಸದ ವಿಷಯದಲ್ಲಿ ನಾನು ಅವರಿಗೆ ಹೇಳಿದ ಮೊದಲ ಸುಳ್ಳು ಅದು. ಅಡುಗೆಮನೆಯ ಸುಳ್ಳುಗಳು ಲೆಕ್ಕಕ್ಕಿಲ್ಲ.

ಕೆಳಗಿಳಿದು ನಾಲ್ಕನೆಯದಕ್ಕೆ ಕೈಹಾಕಿದೆ. ಸ್ವಲ್ಪ ಉಜ್ಜುವುದು, ನಿಲ್ಲಿಸುವುದು, ನನ್ನದೇ ಬೆರಳು ಹಾಕಿ ನೋಡುವುದು. ಗೋಡೆ ತೂತಾದರೆ ಹೆಡ್ಡಿನ ಜೊತೆ ಅವರ ಭೇಷ್ ಕೂಡ ಗುಜರಿಗೆ ಹೋಗುತ್ತದೆಂದು ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆ. ಎರಡು ಗಂಟೆ ಹಿಡಿಯಿತು. ಕೊನೆಗೆ ಸಾಕು ಎಂದು ನನ್ನ ಬೆರಳಿಗೇ ಅನ್ನಿಸಿತು.

ಕೈ ತೊಳೆದು, ಊಟದ ತಟ್ಟೆ ಹಿಡಿದು ಮೇಲೆ ಹೋದೆ. ಅವರು ಕಿಟಕಿಯ ಕಡೆ ತಿರುಗಿ ಕೂತಿದ್ದರು.

"ಎರಡು ಗಂಟೆ ಗ್ರೈಂಡರ್ ಓಡ್ತು," ಎಂದರು. "ಮುಗಿದ ಹೆಡ್ಡಿಗೆ ಅಷ್ಟು ಕೆಲಸ ಇರಲ್ಲ."

ತಟ್ಟೆಯನ್ನು ಸ್ಟೂಲಿನ ಮೇಲಿಟ್ಟೆ. ಸದ್ದು ಮಹಡಿಗೂ ಕೇಳುತ್ತದೆಂಬುದು ನನ್ನ ಮಂಕುಬುದ್ಧಿಗೆ ಹೊಳೆದೇ ಇರಲಿಲ್ಲ.

"ಗೋಡೆ ಉಳೀತಾ?"

"ಉಳೀತು ರೀ."

"ಹಾಗಾದ್ರೆ ಇನ್ಮೇಲೆ ಹೆಡ್ಡನ್ನ ಮೇಲೆ ಹೊತ್ಕೊಂಡು ಬರಬೇಡ. ಸುಮ್ನೆ ಭಾರ."

ಅವರ ಎಡಗೈ ಹಿಡಿದುಕೊಂಡೆ. ಹಿಡಿದದ್ದು ಅವರಿಗೆ ತಿಳಿದದ್ದು ತಲೆ ಬಗ್ಗಿಸಿ ನೋಡಿದ ಮೇಲೆಯೇ.