ಧೂಳೆಂದು ಅಳಿಸಿದ ಚುಕ್ಕೆ

ರೊಸ್ವಿಟಾ ಕಪ್ಪು ಉಡುಪಿನ ತೋಳನ್ನು ಭುಜದವರೆಗೂ ಸರಿಸಿಕೊಂಡು ಮೀನಿನ ತೊಟ್ಟಿಯೊಳಗೆ ಕೈ ಇಳಿಸಿದ್ದಳು. ನೀರು ಸೋಸುವ ಯಂತ್ರ ಬೇರೆ ದಿನವೇ ಸಿಗಲಿಲ್ಲ ಎಂಬಂತೆ ಇವತ್ತೇ ಕೆಟ್ಟು ಕೂತಿತ್ತು.

"ಅಮ್ಮಾ, ಏನಿದು ನಿನ್ನ ಅವತಾರ?" ಮಗಳು ಸ್ವೆನ್ಯಾ ಕಾರಿನ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಅಪ್ಪನನ್ನ ಮಣ್ಣು ಮಾಡೋ ದಿನಾನೂ ಮೀನಾ? ಅಲ್ಲಿ ಪಾದ್ರಿಗಳು ಕಾಯ್ತಿರ್ತಾರೆ."

"ಪಾದ್ರಿ ಕಾದ್ರೆ ಸಾಯಲ್ಲ. ಇವು ಸಾಯ್ತವೆ."

"ಅಪ್ಪನೇ ಮಾತಾಡಿದ ಹಾಗಿದೆ," ಎಂದು ಸ್ವೆನ್ಯಾ ನಕ್ಕಳು. ನಕ್ಕಿದ್ದಕ್ಕೆ ತಾನೇ ನಾಚಿ ಮುಖ ತಿರುಗಿಸಿಕೊಂಡಳು.

ಯಂತ್ರದ ಕೊಳವೆಯಲ್ಲಿ ಸಿಕ್ಕಿಕೊಂಡಿದ್ದ ಪಾಚಿ ಕೈಗೆ ಬಂತು. ನೀರು ಮತ್ತೆ ಗುಳುಗುಳು ಎಂದಿತು. ಗಂಡ ಏವಾಲ್ಡ್ ಆಸ್ಪತ್ರೆಯ ಮಂಚದಲ್ಲಿ ಕೊನೆಗೆ ಸರಿಯಾಗಿ ಆಡಿದ ಮಾತು ಈ ತೊಟ್ಟಿಯದೇ ಆಗಿತ್ತು. "ಬೇರೆದೆಲ್ಲ ಯಾರಿಗಾದ್ರೂ ಕೊಡು. ಈ ದೊಡ್ಡ ತೊಟ್ಟಿಯ ಜೋಡಿಗಳು ಮಾತ್ರ ಗೆರೋಲ್ಡನಿಗೆ." ಸ್ವಲ್ಪ ತಡೆದು, "ಅವನು ತಗೊಂಡ್ರೆ," ಎಂದಿದ್ದ. ವಿಟನ್ ಊರಿನ ಮೀನುಸಾಕಣೆ ಸಂಘದಲ್ಲಿ ಸದಸ್ಯನೊಬ್ಬ ತೀರಿಕೊಂಡರೆ, ಮಣ್ಣು ಮಾಡಿದ ದಿನದ ಕಾಫಿ ಕೂಟ ಮುಗಿಯುತ್ತಲೇ ಗೆಳೆಯರು ಬಕೆಟ್ ಹಿಡಿದು ಮನೆಗೆ ಬಂದು ಮೀನುಗಳನ್ನು ಹಂಚಿಕೊಂಡು ಹೋಗುತ್ತಾರೆ. ಮನುಷ್ಯ ಹೋದ ಮನೆಯಲ್ಲಿ ಮೀನು ಉಳಿಯುವುದಿಲ್ಲ ಎಂಬುದು ಅವರಿಗೆ ಗೊತ್ತು. ಬಕೆಟ್ ಹಿಡಿದವರಲ್ಲಿ ಗೆರೋಲ್ಡ್ ಪಿಲಾರ್ಸ್ಕಿ ಇರುತ್ತಾನೋ ಇಲ್ಲವೋ ಎಂಬುದೊಂದೇ ರೊಸ್ವಿಟಾಳ ತಲೆಯನ್ನು ಬೆಳಗಿನಿಂದ ತಿನ್ನುತ್ತಿತ್ತು.

ಗೆರೋಲ್ಡ್ ಸ್ಮಶಾನಕ್ಕೇನೋ ಬಂದ. ಎಲ್ಲರಿಗಿಂತ ಹಿಂದೆ, ಪೊದೆಯ ಪಕ್ಕ, ಟೋಪಿಯನ್ನು ಎರಡೂ ಕೈಯಲ್ಲಿ ಹಿಚುಕುತ್ತಾ ನಿಂತಿದ್ದ. ಏವಾಲ್ಡನ ಬೂದಿಯ ಕುಂಭ ಗುಂಡಿಗಿಳಿದ ಮೇಲೆ ಒಂದು ಹಿಡಿ ಮಣ್ಣು ಹಾಕಿ, ರೊಸ್ವಿಟಾಳ ಕೈ ಹಿಡಿದು, "ನಿಮ್ಮ ದುಃಖದಲ್ಲಿ ನಾನೂ ಇದ್ದೀನಿ, ಶ್ರೀಮತಿ ಕೊಸ್ಮನ್," ಎಂದ. ಮೂವತ್ತು ವರ್ಷ ಅವಳ ಅಡುಗೆಮನೆಯಲ್ಲಿ ಕೂತು "ರೋಸಿ, ಇನ್ನೊಂದು ಸ್ವಲ್ಪ ಹಾಕೇ," ಎಂದು ಸೂಪು ಬಡಿಸಿಕೊಂಡವನು ಇವನು.

*

ಏವಾಲ್ಡ್ ಟ್ರ್ಯಾಮ್ ಓಡಿಸುತ್ತಿದ್ದ. ಮನೆಗೆ ಬಂದರೆ ಸಮವಸ್ತ್ರ ಬಿಚ್ಚುವ ಮೊದಲೇ ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ಭಾನುವಾರ ಬಂತೆಂದರೆ ಫೋಟೋ. ಪರದೆಗಳೆಲ್ಲ ಎಳೆದು ಕೋಣೆ ಕತ್ತಲಾಗಬೇಕು. ಗಾಜಿನ ಮೇಲೆ ಒಂದು ಬೆರಳಚ್ಚೂ ಇರಬಾರದು. ಗಾಜಿನಲ್ಲಿ ತನ್ನದೇ ಮುಖ ಮೂಡಬಾರದೆಂದು ಕಪ್ಪು ಬಟ್ಟೆಗೆ ತೂತು ಕೊರೆದು, ಅದರಿಂದ ಕ್ಯಾಮೆರಾದ ಮೂತಿಯನ್ನಷ್ಟೇ ಹೊರಗೆ ಚಾಚುತ್ತಿದ್ದ. ಸ್ಟೂಲು ಹತ್ತಿ ತೊಟ್ಟಿಯ ಮೇಲಿನಿಂದ ಫ್ಲ್ಯಾಶ್ ಹಿಡಿಯುವುದು ರೊಸ್ವಿಟಾಳ ಕೆಲಸ. ಬೆಳಕು ಮೆತ್ತಗೆ ಬೀಳಲೆಂದು ಅದಕ್ಕೆ ಅವಳ ಕೇಕಿನ ತಟ್ಟೆಗೆ ಹಾಸುವ ಕಾಗದವನ್ನೇ ಅಂಟಿಸುತ್ತಿದ್ದ.

"ಎಡಕ್ಕೆ. ಇನ್ನೂ ಎಡಕ್ಕೆ. ಉಸಿರು ಬಿಡಬೇಡ!"

"ಮೀನಿಗೆ ಹೇಳ್ತಿದ್ದೀಯಾ, ನನಗಾ?"

"ಇಬ್ರಿಗೂ."

ಅಷ್ಟರಲ್ಲಿ ಮೀನು ಬಾಲ ತೋರಿಸಿ ಹೋಗಿರುತ್ತಿತ್ತು. ನೂರು ತೆಗೆದರೆ ಒಂದು ದಕ್ಕಬೇಕು. ಊಟವಾದ ಮೇಲೆ ಅದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ, ನೀರಿನ ಹಸಿರು ಛಾಯೆ ಇಳಿಸಿ, ಹೊಟ್ಟೆಯ ಕೆಳಗಿನ ನೆರಳನ್ನು ತುಸು ಬೆಳಗಿಸಿ, ನೀರಲ್ಲಿ ತೇಲುವ ಧೂಳಿನ ಕಣಗಳನ್ನು ಒಂದೊಂದಾಗಿ ಅಳಿಸುತ್ತಿದ್ದ. ಬೆಳಕು ತಿದ್ದಬಹುದು, ಧೂಳು ತೆಗೆಯಬಹುದು, ಮೀನಿನ ಮೈ ಮಾತ್ರ ಮುಟ್ಟಬಾರದು. ಇದು ಸಂಘದ ಕಟ್ಟಳೆ. ಅದನ್ನು ಪಾದ್ರಿಗಿಂತ ನಿಷ್ಠೆಯಿಂದ ಪಾಲಿಸುವವನು ತಾನು ಎಂದು ಏವಾಲ್ಡನಿಗೆ ಸಣ್ಣ ಜಂಬವಿತ್ತು.

*

ಸ್ಮಶಾನದ ಎದುರಿನ ಹೋಟೆಲಿನಲ್ಲಿ ಕಾಫಿ, ಬೆಣ್ಣೆಹುಡಿ ಉದುರಿಸಿದ ಕೇಕು, ಬ್ರೆಡ್ಡಿನ ಮೇಲೆ ಹಂದಿಮಾಂಸ. ಮೊದಲ ಲೋಟ ಖಾಲಿಯಾಗುವವರೆಗೆ ಎಲ್ಲರೂ ಪಿಸುಗುಟ್ಟಿದರು. ಎರಡನೆಯದಕ್ಕೆ ಸಂಘದ ಉಡೋ ಬಾಯಿ ಬಿಟ್ಟ.

"ಏವಾಲ್ಡ್ ನನ್ನ ಮೀನಿನ ಫೋಟೋ ತೆಗೆದು ಕೊಟ್ಟಿದ್ದ. ಅದನ್ನ ನೋಡಿ ನನ್ನ ಹೆಂಡ್ತಿ, ಇಷ್ಟು ಚೆಂದದ್ದು ನಮ್ಮನೇಲಿ ಎಲ್ಲಿದೆ ಅಂದ್ಲು. ನಾನಿಲ್ವೇನೇ ಅಂದೆ."

ನಗು ಎದ್ದಿತು. ಗೆರೋಲ್ಡ್ ಮಾತ್ರ ಕೇಕನ್ನು ಮುಳ್ಳುಚಮಚದಿಂದ ಪುಡಿ ಮಾಡುತ್ತಾ ಕೂತಿದ್ದ.

"ನೀನೂ ಬರ್ತೀಯ ತಾನೇ?" ಎಂದು ಉಡೋ ಅವನನ್ನು ತಿವಿದ. "ಬಕೆಟ್ ತಂದಿದ್ದೀಯಾ?"

"ಇಲ್ಲ. ಆ ಮನೆಯ ಮೀನು ನನಗೆ ಒಂದು ಸಲ ಸಾಕಾಯ್ತು."

ಸ್ವೆನ್ಯಾ ಕೆಂಪಾಗಿ ಏಳಹೊರಟಳು. ರೊಸ್ವಿಟಾ ಮೇಜಿನ ಕೆಳಗೆ ಅವಳ ಮೊಣಕಾಲನ್ನು ಒತ್ತಿ ಹಿಡಿದಳು.

*

ನಾಲ್ಕು ವರ್ಷದ ಹಿಂದೆ ಗೆರೋಲ್ಡ್ ಒಂದು ಗಂಡು ಮೀನು ಬೇಕೆಂದಿದ್ದ. "ಆರೋಗ್ಯವಾಗಿದೆಯಾ? ಒಂದು ಫೋಟೋ ಕಳಿಸು ನೋಡೋಣ." ಏವಾಲ್ಡ್ ತೆಗೆದ, ಧೂಳು ಅಳಿಸಿದ, ಕಳಿಸಿದ. ಹಳದಿ ನೀಲಿ ಮೈ ಫಳಫಳ ಹೊಳೆಯುತ್ತಿತ್ತು. ಗೆರೋಲ್ಡ್ ಬಂದು ಒಯ್ದು, ಗೆಳೆಯನ ಮನೆಯದೆಂದು ಮತ್ತೆ ನೋಡದೆ ನೇರ ತನ್ನ ದೊಡ್ಡ ತೊಟ್ಟಿಗೆ ಬಿಟ್ಟ. ಕೆಲವೇ ದಿನಗಳಲ್ಲಿ ತೊಟ್ಟಿಯ ಮೀನುಗಳಿಗೆಲ್ಲ ರವೆ ಉದುರಿಸಿದಂತೆ ಬಿಳಿಚುಕ್ಕೆ ರೋಗ. ಮೀನಿನ ಎಷ್ಟೋ ತಲೆಮಾರುಗಳಿಂದ ಅವನು ಬೆಳೆಸಿಕೊಂಡು ಬಂದ ತಳಿ ಪೂರ್ತಿ ಹೋಯಿತು.

"ಚುಕ್ಕೆ ಅಳಿಸಿ ಕಳಿಸಿದ್ದೀಯ! ರೋಗದ ಮೀನನ್ನ ತಿದ್ದಿ ನನ್ನ ತಲೆಗೆ ಕಟ್ಟಿದೆ!" ಫೋನಿನ ಕೂಗು ಅಡುಗೆಮನೆಯವರೆಗೂ ಕೇಳಿಸಿತ್ತು.

ಅಳಿಸಿದ್ದೇನೋ ನಿಜ. ಏವಾಲ್ಡನಿಗೆ ಆಗಲೇ ಕಣ್ಣಿನ ನಡುಭಾಗ ಮಸುಕಾಗುತ್ತಿತ್ತು. ತೊಟ್ಟಿಯಲ್ಲಿ ಅವನಿಗೆ ಚುಕ್ಕೆಗಳೇ ಕಾಣಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ದೊಡ್ಡದು ಮಾಡಿದಾಗ ಕಂಡದ್ದನ್ನು ನೀರಿನ ಧೂಳೆಂದುಕೊಂಡ.

"ಹೋಗಿ ಹೇಳಿಬಿಡು," ಎಂದು ರೊಸ್ವಿಟಾ ಅಂಗಲಾಚಿದಳು. "ಕಣ್ಣು ಕಾಣಲ್ಲ ಅನ್ನು."

"ಕುರುಡ ಅನ್ನಿಸ್ಕೊಳ್ಳೋದಕ್ಕಿಂತ ಕಳ್ಳ ಅನ್ನಿಸ್ಕೊಳ್ಳೋದೇ ವಾಸಿ. ಕುರುಡ ಅಂದ ದಿನ ನನ್ನ ಕೈಯಿಂದ ಕ್ಯಾಮೆರಾ ಹೋಗುತ್ತೆ. ಆಣೆ ಮಾಡು ರೋಸಿ, ಯಾರಿಗೂ ಹೇಳಲ್ಲ ಅಂತ."

ಅವಳು ಆಣೆ ಮಾಡಿದಳು. ಅವತ್ತೇ ಎರಡು ಕೆನ್ನೆಗೆ ಬಾರಿಸಿ ಗೆರೋಲ್ಡನ ಮನೆಗೆ ಎಳೆದುಕೊಂಡು ಹೋಗಬೇಕಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ.

*

ಗೆರೋಲ್ಡ್ ಕೋಟು ತೊಡುತ್ತಿದ್ದಾಗ ರೊಸ್ವಿಟಾ ಹೊರಬಾಗಿಲ ಬಳಿ ಅವನನ್ನು ಅಡ್ಡಗಟ್ಟಿದಳು. ಆಣೆ ಹಾಕಿಸಿಕೊಂಡವನ ಮೇಲಿನ ಮಣ್ಣು ಇನ್ನೂ ಹಸಿಯಾಗಿತ್ತು. ಇವತ್ತೇ ಮಾತು ಮುರಿಯುವುದೇ? ಆದರೆ ಮೀನು ಗೆರೋಲ್ಡನಿಗೆ ಎಂದವನೂ ಅವನೇ ಅಲ್ಲವೇ? ಎರಡರಲ್ಲಿ ಒಂದನ್ನು ಅವಳು ಮುರಿಯಲೇಬೇಕಿತ್ತು.

"ಅವನು ಮೋಸ ಮಾಡ್ಲಿಲ್ಲ, ಗೆರೋಲ್ಡ್. ಅವನಿಗೆ ಕಾಣ್ತಿರಲಿಲ್ಲ. ಆ ಚುಕ್ಕೆ ಧೂಳು ಅಂದ್ಕೊಂಡ."

"ಸತ್ತವನನ್ನ ಕಾಪಾಡೋಕೆ ಏನೇನೋ ಹೇಳ್ಬೇಡಿ. ಸಂಘದ ಕಳೆದ ವರ್ಷದ ಕ್ಯಾಲೆಂಡರಿಗೆ ಅವನ ಫೋಟೋ ಆರಿಸಿದ್ದೇ ನಾನು. ತೆಗೆದವರ ಹೆಸರು ಮುಚ್ಚಿಟ್ಟಿದ್ರು, ಆಮೇಲೆ ಗೊತ್ತಾಗಿ ಮೈಯೆಲ್ಲಾ ಉರೀತು. ಮೀನಿನ ಕಣ್ಣಿನ ಸುತ್ತ ಇರೋ ಚಿನ್ನದ ಉಂಗುರ ಎಣಿಸೋ ಹಾಗಿತ್ತು. ಕಾಣದವನು ತೆಗೀತಾನಾ?"

"ಆ ಜಗಳ ಆದ್ಮೇಲೆ ಕಣ್ಣು ನಂದು. ಬೆಳಕು ಅವನದು. ಫ್ಲ್ಯಾಶ್ ಎಲ್ಲಿಡಬೇಕು, ನೆರಳು ಎಷ್ಟು ಬಿಡಬೇಕು ಅಂತ ಅವನು ಹೇಳೋನು. ಬಟನ್ ಒತ್ತೋಳು ನಾನು. ರಾತ್ರಿ ಊಟ ಆದ್ಮೇಲೆ ಒಂದೊಂದು ಚುಕ್ಕೆಗೂ ಕೇಳೋನು, ರೋಸಿ, ಇದು ನೀರಲ್ಲಿದೆಯಾ, ಮೀನಿನ ಮೇಲಿದೆಯಾ ಅಂತ. ನೀರಲ್ಲಿದೆ ಅಂದ್ರೂ ನಂಬ್ತಿರಲಿಲ್ಲ. ಎದ್ದು ಹೋಗಿ ತೊಟ್ಟೀಲಿ ನೋಡ್ಕೊಂಡು ಬಾ ಅನ್ನೋನು. ನಿನಗೆ ಮಾಡಿದ್ದು ಇನ್ನೊಬ್ಬರಿಗೆ ಆಗಬಾರದು ಅಂತ."

ಗೆರೋಲ್ಡನ ಒಂದು ಕೈ ಕೋಟಿನ ತೋಳಲ್ಲಿ ಅರ್ಧಕ್ಕೇ ನಿಂತಿತ್ತು.

"ಕತ್ತೆ," ಎಂದ ಮೆಲ್ಲಗೆ. ಆಮೇಲೆ ಜೋರಾಗಿ, "ಕತ್ತೆ! ಒಂದು ಮಾತು ಹೇಳೋಕಾಗ್ಲಿಲ್ವಾ ಅವನಿಗೆ?"

ಇನ್ನೊಂದು ಕೈಯನ್ನು ತೂರಿಸದೆಯೇ ಹೊರಗೆ ಹೊರಟುಹೋದ. ಗಂಡನಿಗೆ ಕೊಟ್ಟ ಮಾತೂ ಹೋಯಿತು, ಮೀನೂ ಅವನಿಗೆ ಸೇರದೆ ಉಳಿಯಿತು ಎಂದುಕೊಂಡು ರೊಸ್ವಿಟಾ ಅಲ್ಲೇ ಗೋಡೆಗೊರಗಿ ಅತ್ತಳು.

ಮನೆಯಲ್ಲಿ ಬಕೆಟ್ಟುಗಳ ಗದ್ದಲ. ಸಣ್ಣ ತೊಟ್ಟಿಗಳೆಲ್ಲ ಖಾಲಿಯಾದವು. ಉಡೋ ಬಲೆ ಹಿಡಿದು ದೊಡ್ಡ ತೊಟ್ಟಿಯ ಮುಂದೆ ನಿಂತು, "ಇವನ್ನೂ ಹಿಡೀಲಾ, ರೊಸ್ವಿಟಾ?" ಎಂದ. ಅವಳು ಗಾಜಿನ ಮೇಲಿದ್ದ ಒಂದು ಬೆರಳಚ್ಚನ್ನು ತೋಳಿನಿಂದ ಒರೆಸತೊಡಗಿದಳು.

"ಅದಕ್ಕೆ ಕೈ ಹಾಕ್ಬೇಡ."

ಬಾಗಿಲಲ್ಲಿ ಗೆರೋಲ್ಡ್ ನಿಂತಿದ್ದ. ಕೈಯಲ್ಲಿ ಹೋಟೆಲಿನ ಅಡುಗೆಮನೆಯಿಂದ ಕೇಳಿ ತಂದ, ಉಪ್ಪಿನಕಾಯಿಯ ವಾಸನೆ ಹೊಡೆಯುವ ಬಿಳಿ ಬಕೆಟ್.

"ಅದ್ರಲ್ಲಿ ಹಾಕಿದ್ರೆ ಮೀನು ಉಪ್ಪಿನಕಾಯಿ ಆಗುತ್ತೆ ಕಣೋ," ಎಂದ ಉಡೋ, ತನ್ನದನ್ನೇ ಮುಂದೆ ತಳ್ಳುತ್ತಾ.

ಗೆರೋಲ್ಡ್ ಒಂದೊಂದೇ ಜೋಡಿಯನ್ನು ಹಿಡಿದ. "ರೋಸಿ, ನೀನೂ ಬಾ. ಕಾರಲ್ಲಿ ಬಕೆಟ್ ಹಿಡ್ಕೊಳ್ಳೋಕೆ ಜನ ಬೇಕು," ಎಂದ. ಅವಳು ಸ್ವೆನ್ಯಾಳ ಮುಖ ನೋಡಿದಳು. "ಹೋಗಮ್ಮಾ," ಎಂದಳು ಮಗಳು.

ಗೆರೋಲ್ಡನ ನೆಲಮಾಳಿಗೆಯ ಮೆಟ್ಟಿಲ ಬುಡದಲ್ಲೇ ಒಂದು ಚಿಕ್ಕ ಬರಿಯ ತೊಟ್ಟಿ ಇತ್ತು. ಆ ರೋಗ ಬಂದ ಮೇಲೆ ಯಾರ ಮನೆಯಿಂದ ಬಂದ ಮೀನಾದರೂ ವಾರಗಟ್ಟಲೆ ಅದರಲ್ಲಿ ಒಂಟಿಯಾಗಿ ಬಿದ್ದಿರಬೇಕೆಂದು, ತನ್ನ ಸ್ವಂತ ತಮ್ಮ ಕೊಟ್ಟದ್ದನ್ನೂ ಬಿಡಲಿಲ್ಲವೆಂದು ಸಂಘದಲ್ಲಿ ಎಲ್ಲರೂ ಅವನನ್ನು ಆಡಿಕೊಳ್ಳುತ್ತಿದ್ದರು. ರೊಸ್ವಿಟಾ ಬಕೆಟ್ಟನ್ನು ಅದರ ಪಕ್ಕ ಇಳಿಸಹೋದಳು.

"ಅಲ್ಲಲ್ಲ. ಇಲ್ಲಿ ತಾ," ಎಂದ ಗೆರೋಲ್ಡ್. ಗೋಡೆಯುದ್ದ ಇದ್ದ ದೊಡ್ಡ ತೊಟ್ಟಿಯ ಹತ್ತಿರ ಅವನು ಆಗಲೇ ಎರಡು ಪೆಟ್ಟಿಗೆ ಬೋರಲು ಹಾಕಿದ್ದ.

"ಗೆರೋಲ್ಡ್, ಬೇಡ. ಮೊದಲು ಚೆನ್ನಾಗಿ ನೋಡು. ಅಕಸ್ಮಾತ್..."

"ನೀನು ನೋಡಿದ್ದೀಯಲ್ಲ."

ಇಬ್ಬರೂ ಸಾವಿನ ಮನೆಯ ಕಪ್ಪು ಬಟ್ಟೆಯಲ್ಲೇ ಪೆಟ್ಟಿಗೆಗಳ ಮೇಲೆ ಕೂತರು. ಹೊಸ ನೀರು ಒಗ್ಗಲೆಂದು ಅವನು ತೊಟ್ಟಿಯಿಂದ ಒಂದು ಲೋಟ ಬಕೆಟ್ಟಿಗೆ ಹೊಯ್ದು ಕಾಯುವನು, ಮತ್ತೊಂದು ಹೊಯ್ದು ಕಾಯುವನು. ನಡುವೆ ಒಮ್ಮೆ ಕೈಯ ಹಿಂಭಾಗದಿಂದ ಮೂಗು ಒರೆಸಿಕೊಂಡ. ಆಮೇಲೆ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ಅಂಗಿಯ ತೋಳು ನೆನೆಯುವುದನ್ನೂ ಲೆಕ್ಕಿಸದೆ ಮೀನಿದ್ದ ಬಲೆಯನ್ನು ದೊಡ್ಡ ತೊಟ್ಟಿಯ ನೀರೊಳಗೆ ಮುಳುಗಿಸಿ ಮಗುಚಿದ. ಏವಾಲ್ಡನ ಗಂಡುಮೀನು ಅವನ ಬೆರಳ ಸಂದಿಯಿಂದ ಜಾರಿ, ಗೆರೋಲ್ಡನ ಮೀನುಗಳ ನಡುವೆ ಸೇರಿಹೋಯಿತು.